ದೃಶ್ಯ ಯಾವ ಊರಿನದು, ಯಾವ ವರ್ಷದ್ದು?

ಮಾನ್ಯರೇ,

ನಕ್ಸಲ್ ಚಳವಳಿ ಕುರಿತ ಟಿ.ವಿ. ಸಾಕ್ಷ್ಯಚಿತ್ರ ಸರಣಿಗಳಲ್ಲಿ ನಿರೂಪಣೆಗಿಂತ ಹೆಚ್ಚಾಗಿ ದೃಶ್ಯಗಳೇ ದಾರಿ ತಪ್ಪಿಸುತ್ತವೆ. 1967ರ ಮೇ 25ರಂದು, ಚಳವಳಿಗೆ ಹೆಸರು ಕೊಟ್ಟ ಪಶ್ಚಿಮ ಬಂಗಾಳದ ನಕ್ಸಲ್‌ಬಾರಿ ಬಳಿ ಪೊಲೀಸರ ಗುಂಡಿಗೆ 11 ಮಂದಿ ಬಲಿಯಾದರು, ಹೆಚ್ಚಿನವರು ಹೆಂಗಸರು. ಕಲ್ಕತ್ತಾದಲ್ಲಿ ಟಿ.ವಿ. ಕೇಂದ್ರ ಶುರುವಾದದ್ದೇ 1975ರಲ್ಲಿ. ಹಾಗಿದ್ದ ಮೇಲೆ ಆ ದಿನದ್ದೇ ಎಂಬಂತೆ ಓಡುವ ಕಪ್ಪು-ಬಿಳುಪು ತುಣುಕು ಎಲ್ಲಿಯದು? ಆ ಊರನ್ನು ದಟ್ಟ ಕಾಡೆಂದು ತೋರಿಸುವುದು ಇನ್ನೊಂದು ಚಾಳಿ. ಅದು ಡಾರ್ಜಿಲಿಂಗ್ ಜಿಲ್ಲೆಯ ತಪ್ಪಲು: ಚಹಾ ತೋಟ, ಭತ್ತದ ಗದ್ದೆ. ಜಗಳ ಇದ್ದದ್ದೂ ಉಳುವ ಭೂಮಿಗಾಗಿ.

ಮಲೆನಾಡಿನ ಕಂತಿಗೆ ಬಂದರೆ ಛತ್ತೀಸಗಡದ ಬಸ್ತಾರಿನ ಸಾಲ್ ಮರಗಳೇ ತೆರೆ ತುಂಬಿರುತ್ತವೆ. ಸಾಲ್ ನಮ್ಮ ಘಟ್ಟದ ಮರವೇ ಅಲ್ಲ! ಸಿದ್ಧ ತುಣುಕು ಅಗ್ಗ; ಕುದುರೆಮುಖದ ಮಳೆಯಲ್ಲಿ ಚಿತ್ರೀಕರಣ ದುಬಾರಿ, ರಾಷ್ಟ್ರೀಯ ಉದ್ಯಾನದೊಳಗಾದರೆ ಅರಣ್ಯ ಇಲಾಖೆಯ ಅನುಮತಿಗೂ ಅಲೆಯಬೇಕು.

ಇಲ್ಲಿನ ಕಥೆ ಹುಟ್ಟಿದ್ದೇ ಆ ಉದ್ಯಾನದ ಸುತ್ತ. 1987ರಲ್ಲಿ ಮೊದಲ ಘೋಷಣೆ, 2001ರಲ್ಲಿ ಅಂತಿಮ ಅಧಿಸೂಚನೆ, ಅದರೊಂದಿಗೆ ಒಕ್ಕಲೆಬ್ಬಿಸುವ ಭಯ. ಇದನ್ನು ಬಿಟ್ಟು 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ಹಾರಿದ ಗುಂಡಿನಿಂದಲೇ ಕಂತು ತೆರೆದರೆ, ಅಂದು ಪೊಲೀಸರ ಗುಂಡಿಗೆ ಸತ್ತ ನಕ್ಸಲ್ ಕಾರ್ಯಕರ್ತೆಯರಾದ ಹಾಜಿಮಾ, ಪಾರ್ವತಿ ಅಲ್ಲಿಗೆ ಏಕೆ ಬಂದಿದ್ದರೆಂಬುದು ನೋಡುವವರಿಗೆ ತಿಳಿಯುವುದೇ ಇಲ್ಲ. ಹಾಗೆಯೇ 2005ರ ಫೆಬ್ರುವರಿ 6ರಂದು ಬಳ್ಳಿಗೆರೆಯಲ್ಲಿ ಪೊಲೀಸರಿಂದ ನಕ್ಸಲ್ ನಾಯಕ ಸಾಕೇತ್ ರಾಜನ್ ಹತ್ಯೆ. ವಾರದೊಳಗೆ ಪಾವಗಡದ ವೆಂಕಟಮ್ಮನಹಳ್ಳಿ ಪೊಲೀಸ್ ಶಿಬಿರದ ಮೇಲೆ ನಕ್ಸಲರ ದಾಳಿ. ಒಂದನ್ನು ತೋರಿಸಿ ಇನ್ನೊಂದನ್ನು ನುಂಗಿದ ಸರಣಿ ಯಾರ ಪರ ಎಂದು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಸರಿಪಡಿಸಲು ದೊಡ್ಡ ಬಜೆಟ್ ಬೇಡ. ಎಡಿಟಿಂಗ್‌ಗೆ ಕೂರುವ ಮೊದಲೇ ಪ್ರತಿ ತುಣುಕಿಗೂ ಊರು, ದಿನಾಂಕ, ಕೊಟ್ಟವರು ಯಾರು ಎಂದು ಪಟ್ಟಿ ಮಾಡಿಕೊಂಡರೆ ಸಾಕು. ಮೂರರಲ್ಲಿ ಒಂದು ಖಾಲಿ ಉಳಿದರೂ ಆ ತುಣುಕು ಬೇಡ. ನಟರಿಂದ ಮಾಡಿಸಿದ ದೃಶ್ಯವಾದರೆ 'ಮರುಸೃಷ್ಟಿ' ಎಂಬ ಅಕ್ಷರ ದೃಶ್ಯ ಮುಗಿಯುವವರೆಗೂ ತೆರೆಯ ಮೇಲಿರಲಿ. ಮೊದಲ ಮೂರು ಸೆಕೆಂಡು ತೋರಿಸಿ ಅಳಿಸಿದರೆ, ನಡುವೆ ಚಾನೆಲ್ ತಿರುಗಿಸಿದವರು ನಟರನ್ನೇ ನಿಜದವರೆಂದು ನಂಬುತ್ತಾರೆ. ಪೊಲೀಸರು ಕೊಟ್ಟ ವಿಡಿಯೊಗೆ 'ಪೊಲೀಸ್ ಇಲಾಖೆಯ ವಿಡಿಯೊ' ಎಂದೇ ಬರೆಯಬೇಕು. ಪೊಲೀಸ್ ಗುಂಡಿನಿಂದ ಸಾವಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. 2024ರ ನವೆಂಬರ್ 18ರಂದು ಹೆಬ್ರಿಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಸತ್ತ ಪ್ರಕರಣವನ್ನು ಹೇಳುವವರು ಆ ವಿಚಾರಣೆ ಏನಾಯಿತೆಂದೂ ಕೇಳಿ ಹೇಳಲಿ.

2025ರ ಜನವರಿ 8ರಂದು ಶರಣಾದ ಆರು ಮಂದಿ ನಕ್ಸಲರ ಮೇಲಿನ ಕೇಸುಗಳು ಯಾವ ಕೋರ್ಟಿನಲ್ಲಿ, ಯಾವ ಹಂತದಲ್ಲಿವೆ ಎಂಬುದನ್ನಂತೂ ಪ್ರಸಾರದ ವಾರವೇ ವಿಚಾರಿಸಿಕೊಳ್ಳಬೇಕು. ಆರು ತಿಂಗಳ ಮುಂಚೆ ಎಡಿಟ್ ಮುಗಿಸಿಟ್ಟ ಕಂತಿನಲ್ಲಿ ಮೊದಲು ಹಳಸುವ ಸಾಲು ಅದೇ.

– ಓದುಗರು, ಕೊಪ್ಪ