ನುಡಿಸಿದವರ ಹೆಸರೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಸಂತೋಷ ಕೂಟದ ಸುದ್ದಿ ಬಂದಿತ್ತು. ಅರ್ಧ ಕಾಲಂ ಸುದ್ದಿ, ಮೇಲೊಂದು ಫೋಟೋ. ಅಧ್ಯಕ್ಷತೆ ವಹಿಸಿದವರು, ಉದ್ಘಾಟಿಸಿದವರು, ಸ್ವಾಗತಿಸಿದವರು, ವಂದಿಸಿದವರು, ಸುಮ್ನೆ ವೇದಿಕೆ ಮೇಲೆ ಕೂತಿದ್ದವರು ಎಲ್ಲ ಸೇರಿ 14 ಹೆಸರು. ಎಣಿಸಿ ನೋಡಿದೆ. ಕೊನೆಗೆ ಒಂದು ಸಾಲು: ದುಡಿಕೊಟ್ಟ್ ಪಾಟ್ ಹಾಗೂ ವಾಲಗ ಎಲ್ಲರ ಗಮನ ಸೆಳೆಯಿತು ಅಂತ. ದುಡಿ ಅನ್ನುವ ಸಣ್ಣ ಚರ್ಮವಾದ್ಯ ಬಡಿದು ಹಾಡಿದ ಆ ನಾಲ್ವರು ಯಾರು, ವಾಲಗ ಊದಿದವರು ಯಾರು, ಒಂದು ಹೆಸರೂ ಇಲ್ಲ. ಆ ದಿನ ಅಲ್ಲಿ ಮೈಕ್‌ಸೆಟ್ ನಮ್ಮದೇ ಇತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇದ್ದೆ. ಅದಕ್ಕೇ ಈ ಪತ್ರ.

ಇಂಥ ಸುದ್ದಿ ವರ್ಷಗಟ್ಟಲೆ ಓದಿದ್ದೇನೆ, ಯಾವತ್ತೂ ಹೀಗೆ ಅನಿಸಿರಲಿಲ್ಲ. ಅನಿಸಲು ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ಮುಂಬೈಯಲ್ಲಿ ಒಬ್ಬ ಅಜ್ಜನ ಗಿಟಾರ್ ಕೇಳಿ ಬಂದ ಮೇಲೆ. ಅದನ್ನು ಹೇಳದೆ ಇದು ಅರ್ಥವಾಗಲ್ಲ, ಹಾಗಾಗಿ ಪತ್ರ ಸ್ವಲ್ಪ ಉದ್ದವಾಗುತ್ತದೆ.

ಗೋಣಿಕೊಪ್ಪದಲ್ಲಿ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ನನ್ನ ಕೆಲಸ. ಸುಮಾರು 20 ವರ್ಷದ ಹಿಂದೆ ಒಂದು ಎಸ್ಟೇಟ್ ಬಂಗಲೆಯ ಪಾರ್ಟಿಗೆ ಸ್ಪೀಕರ್ ಬಾಕ್ಸ್ ಇಳಿಸಿದ್ದೆವು. ಟೆಸ್ಟ್ ಮಾಡಲು ಏನಾದರೂ ಹಾಡು ಕೊಡಿ ಅಂದಾಗ ಆ ಮನೆಯ ಹುಡುಗ ಒಂದು ಸಿಡಿ ತಂದುಕೊಟ್ಟ. ಹಾಕಿದೆ. ಗಿಟಾರ್ ಒಂದೇ ಸಲ ಚೀರಿತು, ಅಂಗಳದಲ್ಲಿದ್ದ ನಾಯಿ ಎದ್ದು ನಿಂತಿತು, ಮರುಕ್ಷಣವೇ ಸದ್ದು ಇಳಿದು ಇಳಿದು ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣಗಾಯಿತು. ಬಾಕ್ಸ್ ಕೈಕೊಟ್ಟಿತು ಅಂತ ನಾನು ಓಡಿ ಹೋಗಿ ಕಿವಿ ಇಟ್ಟೆ. ಬಾಕ್ಸ್ ಸರಿಯಾಗೇ ಇತ್ತು. ಆ ಮನುಷ್ಯ ಬೇಕಂತಲೇ ಅಷ್ಟು ಮೆಲ್ಲಗೆ ನುಡಿಸುತ್ತಿದ್ದ. ಹೆಸರು ಬಡ್ಡಿ ಗೈ, ಅಮೆರಿಕದಲ್ಲಿ ಬ್ಲೂಸ್ ನುಡಿಸುವವರು ಅಂದ ಹುಡುಗ. ಅವತ್ತಿನಿಂದ ಇವತ್ತಿನವರೆಗೆ ಹೊಸ ಬಾಕ್ಸ್ ಬಂದರೂ, ಆಂಪ್ಲಿಫೈಯರ್ ರಿಪೇರಿಯಾಗಿ ಬಂದರೂ ಮೊದಲು ನಾನು ಹಾಕಿ ಕೇಳುವುದು ಅವರನ್ನೇ.

ಬ್ಲೂಸ್ ಅಂದರೆ ಅಮೆರಿಕದ ದಕ್ಷಿಣದ ಕಡೆ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ. ಬಡ್ಡಿ ಗೈ ಹುಟ್ಟಿದ್ದು 1936ರಲ್ಲಿ, ಲೂಸಿಯಾನ ರಾಜ್ಯದ ಲೆಟ್ಸ್‌ವರ್ತ್ ಅನ್ನುವ ಸಣ್ಣ ಊರಲ್ಲಿ. ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಮನೆ. ಇವರೂ ಸಣ್ಣವರಿದ್ದಾಗಲೇ ಹತ್ತಿ ಬಿಡಿಸಿದ್ದಾರೆ. ಗಿಟಾರ್ ಕೊಳ್ಳಲು ದುಡ್ಡಿಲ್ಲದೆ ಮನೆಯ ಸೊಳ್ಳೆ ಜಾಲರಿಯ ತಂತಿ ಕಿತ್ತು ಬಿಗಿದು ನುಡಿಸಿ ಕಲಿತವರು.

ಇದನ್ನು ಓದಿದಾಗ ನನಗೆ ನಮ್ಮಪ್ಪನ ಪುಸ್ತಕ ನೆನಪಾಗುತ್ತದೆ. ಅಪ್ಪ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು ಆಗಿದ್ದರು. ರೋಬಸ್ಟಾ ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ಕಣದ ಹತ್ತಿರ ಚೀಲ ಹೊತ್ತುಕೊಂಡು ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು, ಒಬ್ಬೊಬ್ಬರದೇ ತೂಕ ಹಾಕಿ ಅಪ್ಪ ಹೆಸರಿನ ಮುಂದೆ ಕಿಲೋ ಬರೆಯುತ್ತಿದ್ದರು, ನಾನು ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡು ನಿಂತಿರುತ್ತಿದ್ದೆ. ರಾತ್ರಿ ಊಟ ಆದ ಮೇಲೆ ಕೆಲಸದವರ ಲೈನ್ ಮನೆ ಕಡೆಯಿಂದ ಹಾಡು ಕೇಳಿಸುತ್ತಿತ್ತು. ಒಬ್ಬ ಹೆಂಗಸು ಒಂದು ಸಾಲು ಎತ್ತುತ್ತಿದ್ದಳು, ಉಳಿದವರು ಅದನ್ನೇ ತಿರುಗಿ ಹೇಳುತ್ತಿದ್ದರು. ಎಂಥ ಗಂಟಲು ಅದು! ಈಗಲೂ ಕಿವಿಯಲ್ಲಿದೆ. ಅವಳ ಹೆಸರು ನನಗೆ ಗೊತ್ತಿಲ್ಲ. ಅಪ್ಪನ ಪುಸ್ತಕದಲ್ಲಿ ಅವಳ ಕಿಲೋ ಇತ್ತು, ಹೆಸರೂ ಇತ್ತು, ಆದರೆ ಆ ಪಟ್ಟಿಯಲ್ಲಿ ಹಾಡುತ್ತಿದ್ದವಳು ಯಾರು ಅಂತ ಈಗ ಯಾರನ್ನು ಕೇಳಲಿ?

ಇರಲಿ, ಮುಂಬೈಗೆ ಬರುತ್ತೇನೆ. ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ 2011ರಿಂದ ಮಹೀಂದ್ರಾ ಬ್ಲೂಸ್ ಫೆಸ್ಟಿವಲ್ ಅಂತ ನಡೆಯುತ್ತದೆ. ಬಡ್ಡಿ ಗೈ ಅಲ್ಲಿಗೆ ಹಿಂದೆಯೂ ಬಂದು ಹೋಗಿದ್ದರು, ಪ್ರತಿ ಸಲ ಮುಂದಿನ ವರ್ಷ ನೋಡೋಣ ಅಂತ ಬಿಟ್ಟಿದ್ದೆ. 2023ರಲ್ಲಿ ಅವರಿಗೆ 86 ವರ್ಷ, ಅದೇ ಅವರ ವಿದಾಯದ ಪ್ರವಾಸ ಅಂತ ಗೊತ್ತಾದಾಗ ಇನ್ನು ಬಿಡಬಾರದು ಅನಿಸಿತು. ಫೆಬ್ರವರಿ ಅಂದರೆ ನಮಗೆ ಮದುವೆ, ಹಬ್ಬ ಅಂತ ಬಾಡಿಗೆ ಜಾಸ್ತಿ ಇರುವ ಸಮಯ. ಎರಡು ಬುಕಿಂಗ್ ಬೇರೆಯವರಿಗೆ ಬಿಟ್ಟುಕೊಟ್ಟೆ. ಕೊಡಗಿಗೆ ರೈಲಿಲ್ಲವಲ್ಲ, ಮಾಕುಟ್ಟ ದಾಟಿ ಕಣ್ಣೂರಿಗೆ ಬಸ್ಸಲ್ಲಿ ಹೋಗಿ ಅಲ್ಲಿಂದ ಕೊಂಕಣದ ರೈಲು ಹಿಡಿದೆ. ಮನೆಯವಳು ಕಟ್ಟಿಕೊಟ್ಟ ಅಕ್ಕಿ ರೊಟ್ಟಿ ರತ್ನಗಿರಿ ದಾಟುವವರೆಗೂ ಬಂತು.

ಸ್ಟುಡಿಯೋ ಒಳಗೆ ನಿಂತುಕೊಂಡೇ ಕೇಳಬೇಕು. ನಾನು ಮೂರು ಗಂಟೆ ಮೊದಲೇ ಹೋಗಿ ಸ್ಟೇಜಿನ ಎಡಗಡೆ, ಬಾಕ್ಸ್‌ನಿಂದ ಸ್ವಲ್ಪ ದೂರ ಜಾಗ ಹಿಡಿದೆ. ಬಾಕ್ಸ್ ಎದುರಿಗೇ ನಿಂತರೆ ಮನುಷ್ಯನ ಸದ್ದು ಕೇಳಲ್ಲ, ಅದು ನನ್ನ ಕಸುಬಿನ ಅನುಭವ.

ಅವರು ಬಂದರು. ಕಪ್ಪು ಗಿಟಾರ್ ಮೇಲೆ ಬಿಳಿ ಚುಕ್ಕೆ. ಆ ಚುಕ್ಕೆಯ ಹಿಂದೆ ಒಂದು ಮಾತಿದೆ. ಊರು ಬಿಟ್ಟು ಷಿಕಾಗೋಗೆ ಹೊರಟಾಗ ಅವರಮ್ಮನಿಗೆ ಲಕ್ವ ಹೊಡೆದಿತ್ತು. ದೊಡ್ಡ ದುಡ್ಡು ಮಾಡಿ ಚುಕ್ಕೆ ಚುಕ್ಕೆಯ ಕ್ಯಾಡಿಲಾಕ್ ಕಾರಿನಲ್ಲಿ ನಿನ್ನ ಮುಂದೆ ಬಂದು ನಿಲ್ಲುತ್ತೇನೆ ಅಂತ ಅಮ್ಮನಿಗೆ ಸುಳ್ಳು ಹೇಳಿದ್ದರಂತೆ. ಅಮ್ಮ ಅದನ್ನು ನೋಡದೆ ತೀರಿಕೊಂಡರು, ಅದಕ್ಕೇ ಗಿಟಾರಿಗೆ ಚುಕ್ಕೆ. ಅದನ್ನು ಫೋಟೋದಲ್ಲಿ ನೂರು ಸಲ ನೋಡಿದ್ದೆ. ಎದುರಿಗೆ ನೋಡಿದಾಗ ಮಾತ್ರ ಗಂಟಲು ಕಟ್ಟಿತು.

ಮೊದಲ ಸ್ವರ ಹೊಡೆದಾಗ ಎದೆಗೆ ಬಡಿದ ಹಾಗಾಯಿತು. 86ರ ಕೈ ಅಂತ ಅನಿಸಲೇ ಇಲ್ಲ. ಡ್ರಮ್ ಕಡ್ಡಿ ತಗೊಂಡು ತಂತಿ ಮೇಲೆ ಬಡಿದರು, ನಕ್ಕರು, ಜನ ಕುಣಿದರು. ಅದೆಲ್ಲ ಚೆಂದವೇ. ಆದರೆ ನಾನು ಅಷ್ಟು ದೂರ ಹೋಗಿದ್ದಕ್ಕೆ ಸಾರ್ಥಕ ಅನಿಸಿದ್ದು ಒಂದು ನಿಧಾನದ ಹಾಡಿನಲ್ಲಿ. ಹಿಂದಿನವರಿಗೆ ಕೈ ಸನ್ನೆ ಮಾಡಿ ಸದ್ದು ಇಳಿಸಿದರು. ಇನ್ನೂ ಇಳಿಸಿದರು. ಗಿಟಾರಿನ ಸದ್ದು ಆಂಪ್ಲಿಫೈಯರಿನ ಗುಂಯ್ ಅನ್ನುವುದರ ಕೆಳಗೆ ಹೋಯಿತು. ಆಮೇಲೆ ಅವರು ಮೈಕ್ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಬರೀ ಗಂಟಲಲ್ಲಿ ಒಂದು ಸಾಲು ಹಾಡಿದರು. 30 ವರ್ಷದಿಂದ ನಾನು ಜನರಿಗೆ ಹೇಳುವುದು ಒಂದೇ, ಸಾರ್ ಮೈಕ್ ಹತ್ತಿರ ಬನ್ನಿ, ಹತ್ತಿರ ಬನ್ನಿ. ಈ ಮನುಷ್ಯ ದೂರ ಹೋದರು, ನಾವೆಲ್ಲ ಅವರ ಕಡೆ ಬಗ್ಗಿದೆವು. ನನ್ನ ಪಕ್ಕದವನು ಉಸಿರು ಎಳೆದುಕೊಂಡಿದ್ದು ನನಗೆ ಕೇಳಿಸಿತು. ಅದು ಯಾವ ಸಿಡಿಯಲ್ಲೂ ಸಿಗಲ್ಲ, ಮೊಬೈಲಿನಲ್ಲಿ ಹಿಡಿದುಕೊಂಡವರಿಗೂ ಸಿಕ್ಕಿರಲ್ಲ.

ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆ ಇಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ತಲೆಯಲ್ಲಿ ಅದೇ. ಬಡ್ಡಿ ಗೈ ಎಲ್ಲಿ ಮಾತಾಡಿದರೂ ಹಿರಿಯರ ಹೆಸರು ಹೇಳುತ್ತಾರೆ. 1957ರಲ್ಲಿ ಷಿಕಾಗೋಗೆ ಬಂದು ಕೆಲಸವಿಲ್ಲದೆ ಹಸಿದುಕೊಂಡಿದ್ದಾಗ ಹಿರಿಯ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಸ್ಯಾಂಡ್‌ವಿಚ್ ತಿನ್ನಿಸಿದ್ದನ್ನು ಇವತ್ತಿಗೂ ಹೇಳುತ್ತಾರೆ. ಯಾಕೆ ಇಷ್ಟು ಹೆಸರು ಹೇಳುತ್ತಾರೆ ಅಂತ ನನಗೆ ಅರ್ಥವಾಗುತ್ತದೆ, ಯಾಕೆಂದರೆ ಅವರ ಹೆಸರೂ ಒಂದು ಕಾಲದಲ್ಲಿ ಹಾಕಿರಲಿಲ್ಲ. 1965ರಲ್ಲಿ ಹಾರ್ಮೋನಿಕಾ ನುಡಿಸುವ ಜೂನಿಯರ್ ವೆಲ್ಸ್ ಅವರ ಒಂದು ರೆಕಾರ್ಡಿಗೆ ಇವರು ಗಿಟಾರ್ ನುಡಿಸಿದರು. ಬೇರೆ ಕಂಪನಿ ಜೊತೆ ಇವರಿಗೆ ಕರಾರು ಇದೆ ಅಂತ ರೆಕಾರ್ಡ್ ತಂದವರು ಹೆಸರು ಹಾಕಲಿಲ್ಲ. ರೆಕಾರ್ಡಿನ ಮೇಲೆ ಬಂದಿದ್ದು ‘ಫ್ರೆಂಡ್ಲಿ ಚಾಪ್’ ಅಂತ. ಅಂದರೆ ಯಾರೋ ಒಬ್ಬ ಸ್ನೇಹದ ಮನುಷ್ಯ. ಇವತ್ತು ಬ್ಲೂಸ್ ಕೇಳುವವರು ಹುಡುಕಿಕೊಂಡು ಹೋಗಿ ಕೇಳುವ ರೆಕಾರ್ಡ್ ಅದು.

ಈಗ ಹೇಳಿ, ನಮ್ಮ ದುಡಿಯವರು ನಿಮ್ಮ ಸುದ್ದಿಯಲ್ಲಿ ಅದೇ ಫ್ರೆಂಡ್ಲಿ ಚಾಪ್ ಅಲ್ವಾ? ಇಲ್ಲಿ ಯಾವ ಕರಾರೂ ಅಡ್ಡ ಬಂದಿಲ್ಲ, ಆದರೂ ಹೆಸರಿಲ್ಲ.

ತಪ್ಪು ನಿಮ್ಮೊಬ್ಬರದೇ ಅಂತ ನಾನು ಹೇಳಲ್ಲ. ಮೈಕ್ ಹಿಂದೆ ನಿಂತು ನೋಡಿದ್ದೇನೆ. ಸಂಘಟಕರು ಕೊಡುವ ಚೀಟಿಯಲ್ಲೇ ಆ ಹೆಸರು ಇರಲ್ಲ. ನಿರೂಪಣೆ ಮಾಡುವವರು ‘ಈಗ ದುಡಿಕೊಟ್ಟ್ ಪಾಟ್’ ಅಂತ ಹೇಳಿ ಇಳಿದುಬಿಡುತ್ತಾರೆ. ಹಾಡುವವರು ಹಾಡುತ್ತಿರುವಾಗಲೇ ಗಣ್ಯರಿಗೆ ಹಾರ ಹಾಕುವುದು ಶುರುವಾಗುತ್ತದೆ. ಮದುವೆಯಲ್ಲೂ ಅಷ್ಟೇ, ವಾಲಗಕ್ಕೆ ಕುಣಿಯುವ ವಾಲಗತ್ತಾಟ್ ಆಡಲು ಎಲ್ಲರಿಗೂ ವಾಲಗ ಬೇಕು, ಊದಿ ಊದಿ ದವಡೆ ನೋಯುವವರಿಗೆ ಊಟದ ಎಲೆ ಕೊನೆಗೆ. ನಾನೂ ಅವರ ಜೊತೆ ಕೊನೆ ಪಂಕ್ತಿಯಲ್ಲಿ ಕೂತು ಉಣ್ಣುವವನು, ಆದರೂ ಇಷ್ಟು ವರ್ಷ ಒಬ್ಬರ ಹೆಸರನ್ನೂ ಕೇಳಿರಲಿಲ್ಲ. ವಾಲಗದವರೇ, ಇಲ್ಲಿ ನಿಂತ್ಕೊಳ್ಳಿ ಅಂತಲೇ ಕರೆಯುತ್ತಿದ್ದೆ.

ಮುಂಬೈಯಿಂದ ಬಂದ ಮೇಲೆ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಕಾರ್ಯಕ್ರಮಕ್ಕೆ ಮೊದಲು ನುಡಿಸುವವರ ಹತ್ತಿರ ಹೋಗಿ ಹೆಸರು, ಊರು, ಯಾರಿಂದ ಕಲಿತರು ಅಂತ ಕೇಳಿ ಬರೆದು ನಿರೂಪಕರ ಕೈಗೆ ಕೊಡುತ್ತೇನೆ. ಕೆಲವರು ಓದುತ್ತಾರೆ, ಕೆಲವರು ಜೇಬಿಗೆ ಹಾಕಿಕೊಳ್ಳುತ್ತಾರೆ. ಮೊದಲ ಸಲ ತನ್ನ ಹೆಸರು ಬಾಕ್ಸಿನಲ್ಲಿ ಕೇಳಿದ ಒಬ್ಬ ಹಿರಿಯರು ದುಡಿ ಹಿಡಿದುಕೊಂಡೇ ನನ್ನ ಕಡೆ ತಿರುಗಿ ನೋಡಿದರು. ಏನೂ ಹೇಳಲಿಲ್ಲ. ಆ ದಿನ ಅವರು ಹಾಡಿದ್ದು ಮಾತ್ರ ಬೇರೆಯೇ ಥರ ಇತ್ತು.

ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ವರದಿಗಾರರು ಗಣ್ಯರ ಪಟ್ಟಿ ಬರೆದುಕೊಳ್ಳುವಾಗ ಹಾಡಿದವರ, ನುಡಿಸಿದವರ ಹೆಸರನ್ನೂ ಕೇಳಿ ಬರೆದುಕೊಳ್ಳಲಿ. ಜಾಗ ಇಲ್ಲದಿದ್ದರೆ ಸ್ವಾಗತ, ವಂದನಾರ್ಪಣೆಯ ಸಾಲು ಬಿಡಿ. ಮುಂದಿನ ವಾರ ಎಲ್ಲಿ ಯಾರು ಹಾಡುತ್ತಾರೆ ಅಂತ ಮೊದಲೇ ಎರಡು ಸಾಲು ಹಾಕಿದರೆ ನನ್ನಂಥವರು ಹೋಗಿ ಕೇಳುತ್ತೇವೆ. ಒಬ್ಬರನ್ನು ಕೇಳಲು ನಾನು ಮುಂಬೈವರೆಗೆ ಹೋದೆ, ಪಕ್ಕದ ಪೊನ್ನಂಪೇಟೆಗೆ ಹೋಗಲ್ವಾ?

ಕಳೆದ ವಾರ ಹಾಡಿದ ನಾಲ್ವರನ್ನೂ ವಾಲಗದವರನ್ನೂ ಕೇಳಿ, ಅವರ ಒಪ್ಪಿಗೆ ಪಡೆದು ಹೆಸರು ಬರೆದುಕೊಂಡಿದ್ದೇನೆ. ಈ ಪತ್ರದ ಜೊತೆ ಬೇರೆ ಹಾಳೆಯಲ್ಲಿ ಪಿನ್ ಮಾಡಿ ಕಳಿಸುತ್ತಿದ್ದೇನೆ. ಹಿರಿಯರೊಬ್ಬರ ಮನೆ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ, ಪ್ರೂಫ್ ನೋಡುವವರಿಗೆ ದಯವಿಟ್ಟು ಹೇಳಿ.

— ಒಬ್ಬ ಓದುಗ, ಗೋಣಿಕೊಪ್ಪ