ಜೂನ್ ತಿಂಗಳ ಬೋಟು

ತಮ್ಮಾ,

ನಿನ್ನ ಕತೆ ಓದಿದೆ. ಸಮುದ್ರದಲ್ಲಿ ಸತ್ತ ಅಂತ ಇಡೀ ಮನೆ ನಂಬಿಕೊಂಡ ಅಪ್ಪ ಕೊನೆಯ ಪುಟದಲ್ಲಿ ಮಡಗಾಂವ್ ಸ್ಟೇಶನ್ನಿನಲ್ಲಿ ಚಹಾ ಕುಡಿಯುತ್ತ ಕೂತಿರುತ್ತಾನೆ. ಬೆಚ್ಚಿದೆ, ನಿಜ. ಹಿಂದೆಯೇ ಸಿಟ್ಟೂ ಬಂತು. 18 ಪುಟದಲ್ಲಿ ಸುಳಿವಿನ ಒಂದು ಎಳೆಯೂ ಸಿಗಲಿಲ್ಲವಲ್ಲ ಅಂತ.

ಪಕ್ಕದ ಮನೆಯವರಿಗೆ ಓದಲು ಕೊಟ್ಟೆ. ಅವರು ಕಾರವಾರದ ಕಡೆಯವರು. ಎರಡನೇ ಪುಟಕ್ಕೇ ನಕ್ಕರು. "ಜೂನ್ 10ಕ್ಕೆ ಟ್ರಾಲರ್ ಎಲ್ಲಿ ಹೋಗ್ತದೆ ಮಾರಾಯ್ರೇ?" ಹೌದಲ್ಲ! ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ. ಅಂದರೆ ಅಪ್ಪ ಆವತ್ತು ಟ್ರಾಲರ್ ಹತ್ತಿ ಹೋದ ಅಂತ ಅಮ್ಮ ಹೇಳಿದ್ದು ಸುಳ್ಳು. ನೀನು ಬೇಕಂತಲೇ ಇಟ್ಟೆಯೋ, ಕೈತಪ್ಪಿ ಬಂತೋ ಗೊತ್ತಿಲ್ಲ. ಕೈತಪ್ಪಿ ಬಂದಿದ್ದರೂ ಬಿಡಬೇಡ, ಇದಕ್ಕಿಂತ ಒಳ್ಳೆ ಸುಳಿವು ಸಿಗುವುದಿಲ್ಲ.

ಆದರೆ ಶಿರಸಿಯಲ್ಲಿ ಕೂತ ನನ್ನಂಥ ಅಡಿಕೆ ತೋಟದವನಿಗೆ ಅದು ಕಾಣಲಿಲ್ಲ. ಘಟ್ಟದ ಮೇಲಿನವರಿಗೂ ಒಂದು ಅವಕಾಶ ಕೊಡಬೇಕು, ಅಲ್ವಾ? ಹಾಗಾಗಿ ಶುರುವಿನಲ್ಲೆಲ್ಲೋ ಹುಡುಗ ಮಳೆಯಲ್ಲಿ ಬೈತಖೋಲ ಬಂದರಿಗೆ ಹೋಗಲಿ, ಸಾಲಾಗಿ ಕಟ್ಟಿಹಾಕಿದ ಬೋಟುಗಳು, ಟಾರ್ಪಾಲು, ಬಲೆ ಹೊಲಿಯುತ್ತ ಕೂತವರ ಹರಟೆ, ಆಗಸ್ಟ್ ಯಾವಾಗ ಬರ್ತದೋ ಅನ್ನುವ ಗೊಣಗಾಟ. ಹುಡುಗ ಹೋಗಿದ್ದು ಮಾತ್ರ ಸಾಲ ಕೇಳಲು. ಓದುಗನ ಜೀವವೆಲ್ಲ ಆ ದುಡ್ಡಿನ ಮೇಲಿರುತ್ತದೆ, ಬೋಟು ಸುಮ್ನೆ ಹಿಂದೆ ನಿಂತಿರುತ್ತದೆ. ಅದನ್ನು ಪ್ಯಾರಾದ ಕೊನೇ ಸಾಲಿಗೆ ತರಬೇಡ. ಕೊನೇ ಸಾಲು ಜಾಸ್ತಿ ಹೊತ್ತು ಕಿವಿಯಲ್ಲಿರುತ್ತದೆ.

ಇನ್ನೊಂದು. ಅಮ್ಮ ಅಪ್ಪನ ಫೋಟೊಕ್ಕೆ ಹಾರ ಹಾಕದಿರಲಿ. ಮೊದಲ ಸಲ ಓದಿದವರು, ಪಾಪ, ಇನ್ನೂ ಸಾವನ್ನು ಒಪ್ಪಿಕೊಂಡಿಲ್ಲ ಅಂದುಕೊಳ್ಳುತ್ತಾರೆ. ಮಡಗಾಂವ್ ಆದಮೇಲೆ ತಿರುಗಿ ನೋಡಿದರೆ ಅದೇ ಬೋಳು ಫೋಟೊ ಬೇರೇನೋ ಹೇಳುತ್ತದೆ. ಮೊದಲ ಅರ್ಥ ಹೊಟ್ಟೆ ತುಂಬಿಸುವಂತಿದ್ದರೆ ಎರಡನೆಯದನ್ನು ಯಾರೂ ಹುಡುಕಲು ಹೋಗುವುದಿಲ್ಲ.

ಸುಳಿವು ಎರಡು ಸಾಕು. ಕಳ್ಳತನದ ಕತೆಯೊಂದರಲ್ಲಿ ನಾನು ಮಾವನ ಕೈಯನ್ನು ಮೂರು ಸಲ ನಡುಗಿಸಿದ್ದೆ. ಓದಿ ಹೇಳುತ್ತಿದ್ದಾಗ ಹೆಂಡತಿ ಪಾತ್ರೆ ತೊಳೆಯುವುದನ್ನೂ ನಿಲ್ಲಿಸದೆ "ಮಾವನೇ ಅಲ್ವಾ" ಅಂದಳು.

ಮತ್ತೆ, ಸುಳಿವಿಗೂ ತಿರುವಿಗೂ ನಡುವೆ ಜಾಗ ಬಿಡು. ಕರ್ಣನಿಗೆ ಶಾಪ ತಗುಲಿದ್ದು ಯಾವಾಗ, ಗಾಲಿ ಹೂತದ್ದು ಯಾವಾಗ! ತಾಳಮದ್ದಳೆಯಲ್ಲಿ ನಮಗೆಲ್ಲ ಗೊತ್ತಿದ್ದೂ ಆ ಹೊತ್ತಿಗೆ ಎದೆ ಧಸಕ್ಕೆನ್ನುತ್ತದೆ.

ಇದನ್ನೆಲ್ಲ ಹೊಸದಾಗಿ ಬರೆಯುತ್ತ ಕೂರಬೇಡ, ಈಗಿರುವ ಪ್ರತಿಯಲ್ಲೇ ಹಿಂದೆ ಹೋಗಿ ಸೇರಿಸು. ನಾನೂ ಹಾಗೇ ಮಾಡುವುದು. ಕೊನೆಯ ಪುಟದ ಚಹಾ ಮಾತ್ರ ಮುಟ್ಟಬೇಡ.