ಗಾಡಿ ಬರುವ ಹೊತ್ತಿಗೆ ಹುಳ ಇಳಿದು ಹೋಗಿರುತ್ತದೆ

ಮಾನ್ಯ ಸಂಪಾದಕರೇ,

ಮಳೆ ಶುರುವಾದ ಮೇಲೆ ಉಡುಪಿ ಕಡೆ ನೊಣದ ಕಾಟ ಜಾಸ್ತಿಯಾಗಿದೆ, ಊರಿಡೀ ಮದ್ದು ಹೊಡೆಸಬೇಕು ಎಂದು ಕಳೆದ ವಾರ ಇದೇ ಅಂಕಣದಲ್ಲಿ ಒಬ್ಬರು ಬರೆದಿದ್ದರು. ನಾನು ಉಡುಪಿಯಿಂದ ಸ್ವಲ್ಪ ಹೊರಗೆ ಹೈವೇ ಬದಿಯಲ್ಲಿ ಹನ್ನೆರಡು ಜನ ಕೂರುವ ಹೋಟೆಲ್ ಇಟ್ಟವನು. ಬೆಳಿಗ್ಗೆ ಬನ್ಸ್, ನೀರುದೋಸೆ, ಮಧ್ಯಾಹ್ನ ಮೀನೂಟ, ಸಂಜೆ ಗೋಳಿಬಜೆ, ಚಾ. ನೊಣದ ಮೇಲೆ ನನಗಿರುವಷ್ಟು ಸಿಟ್ಟು ಆ ಓದುಗರಿಗೆ ಇರಲಿಕ್ಕಿಲ್ಲ. ಆದರೂ ಅವರ ಮಾತು ಒಪ್ಪಲಾರೆ. ಮದ್ದು ನಮ್ಮಲ್ಲಿ ಹೊಡೆಸಿ ಆಗಿದೆ.

ಹೋದ ವರ್ಷ ಮೇ ಕೊನೆಗೆ ನಮ್ಮ ವಾರ್ಡಿನ ಸದಸ್ಯರ ಹತ್ತಿರ ಹೇಳಿದೆ. ಪಾಪ, ಎರಡೇ ದಿನದಲ್ಲಿ ಹೊಗೆ ಬಿಡುವವರನ್ನು ಕಳಿಸಿದರು. ಅವರು ಸಂಜೆ ಏಳು ಗಂಟೆಗೆ ಬಂದು ರಸ್ತೆಯುದ್ದಕ್ಕೂ ಹೊಗೆ ಬಿಟ್ಟು ಹೋದರು. ಅದು ಸೊಳ್ಳೆಗೆ ಸರಿ. ನೊಣಕ್ಕೆ ಕತ್ತಲಾದ ಮೇಲೆ ತಿರುಗಾಟವಿಲ್ಲ. ಆ ಹೊತ್ತಿಗೆ ಅವೆಲ್ಲ ನಮ್ಮ ಮಾಡಿನ ಪಕ್ಕಾಸಿನಲ್ಲಿ, ಬಲ್ಬಿನ ವಯರಿನಲ್ಲಿ ಸಾಲಾಗಿ ಕೂತಿದ್ದವು. ಯಾರೋ ಹೇಳಿದರು ಅಂತ ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೀರು ತುಂಬಿಸಿ ಬಾಗಿಲಿಗೆ ನೇತು ಹಾಕಿದ್ದೆ, ನೊಣ ಹೆದರಿ ಓಡುತ್ತದೆ ಅಂತ. ಅದೇ ರಾತ್ರಿ ತೊಟ್ಟೆ ಕಟ್ಟಿದ ಹಗ್ಗದಲ್ಲಿ ಏಳೆಂಟು ನೊಣ ಮಲಗಿದ್ದವು. ನೇತಾಡುವ ಹಗ್ಗ ಅಂದರೆ ಅವಕ್ಕೆ ಭಾರೀ ಪ್ರೀತಿ ಅಂತ ಆಮೇಲೆ ಗೊತ್ತಾಯಿತು. ನಾನೇ ಹಾಸಿಗೆ ಹಾಕಿ ಕೊಟ್ಟಿದ್ದೆ ಮಾರಾಯ್ರೆ!

ಈ ವರ್ಷ ಮಳೆಗೆ ಮೊದಲು ಹೋಟೆಲಿನ ಹಿಂದೆ ಹಸಿ ಕಸದ ಡ್ರಮ್ಮಿನ ಪಕ್ಕದಲ್ಲಿದ್ದ ಹಳೇ ಗೋಣಿ ಚೀಲಗಳನ್ನು ಎತ್ತಿದೆ. ಅಡಿಯಲ್ಲಿ ಕುಚ್ಚಲಕ್ಕಿ ಚೆಲ್ಲಿತ್ತು. ಒಂದು ಸೇರಾದರೂ ಇರಬಹುದು. ಇಲಿ ಕದ್ದು ತಂದು ರಾಶಿ ಹಾಕಿದೆ ಅಂದುಕೊಂಡು ಇಲಿಗೆ ಚೆನ್ನಾಗಿ ಬೈದೆ. ಹಿಡಿಸೂಡಿ ತಂದು ಗುಡಿಸುವಾಗ ಮಗಳು ಬಂದಳು. ಬಿ.ಎಸ್ಸಿ. ಎರಡನೇ ವರ್ಷ, ಪ್ರಾಣಿಶಾಸ್ತ್ರ. ಒಂದು ಕಾಳು ಅಂಗೈಯಲ್ಲಿಟ್ಟು ನೋಡಿ, "ಅಪ್ಪಾ, ಇದು ಅಕ್ಕಿ ಅಲ್ಲ, ಹುಳ ನೊಣವಾಗುವ ಕೋಶ" ಅಂದಳು.

ಬಗ್ಗಿ ನೋಡಿದೆ. ಹೌದು. ಕೆಲವು ಹಳದಿ, ಕೆಲವು ಕೆಂಪು, ಕೆಲವು ಕಪ್ಪಿಗೆ ಹತ್ತಿರದ ಕಂದು. ಹೊಸದಾಗಿ ಆದದ್ದು ಹಳದಿ, ದಿನ ಹೋದ ಹಾಗೆ ಕಪ್ಪಾಗುತ್ತದಂತೆ. ಅವಳು ಕಪ್ಪಾದ ಇಪ್ಪತ್ತು ಕಾಳು ಆರಿಸಿ ಹಾರ್ಲಿಕ್ಸ್ ಬಾಟಲಿಗೆ ಹಾಕಿ, ನನ್ನ ಹಳೇ ಮುಂಡಿನ ತುಂಡು ಕಟ್ಟಿ ಕಿಟಕಿಯಲ್ಲಿಟ್ಟಳು.

ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದವನನ್ನು ಕರೆದಳು. ಒಂದು ಕಾಳಿನ ತುದಿ ಮುಚ್ಚಳದ ಹಾಗೆ ತೆರೆದುಕೊಂಡಿತ್ತು. ಒಳಗಿನಿಂದ ಒಂದು ತಲೆ. ಆ ತಲೆಯ ಮುಂದೆ ಸಣ್ಣ ಬಲೂನಿನ ಹಾಗೆ ಏನೋ ಉಬ್ಬುವುದು, ಇಳಿಯುವುದು, ಮತ್ತೆ ಉಬ್ಬುವುದು. ಹಾಗೆ ತಳ್ಳಿ ತಳ್ಳಿಯೇ ಕೋಶ ಒಡೆಯುವುದಂತೆ. ಹೊರಗೆ ಬಂದದ್ದು ನೋಡಿದರೆ ನೊಣ ಅಂತ ಹೇಳಲಿಕ್ಕಾಗದು. ಮಾಸಲು ಬಣ್ಣ, ರೆಕ್ಕೆ ಒದ್ದೆ ಬಟ್ಟೆ ಮುದುಡಿದ ಹಾಗೆ. ಹಾರಲು ಬಾರದೆ ಬಾಟಲಿಯೊಳಗೆ ಓಡಿದ್ದೇ ಓಡಿದ್ದು. ಒಂದು ಬಾಣಲೆ ಬನ್ಸ್ ಕರಿದು ಬರುವಷ್ಟರಲ್ಲಿ ರೆಕ್ಕೆ ಬಿಚ್ಚಿಕೊಂಡಿತ್ತು. ಒಮ್ಮೆ ರೆಕ್ಕೆ ಬಿಚ್ಚಿದರೆ ಆಯಿತು, ಆಮೇಲೆ ನೊಣ ದೊಡ್ಡದಾಗುವುದಿಲ್ಲ. ಸಣ್ಣ ನೊಣ ಕಂಡರೆ ಮರಿ ನೊಣ ಅನ್ನುತ್ತೇವಲ್ಲ, ಅದು ಸುಮ್ನೆ. ಅದು ಹುಳವಾಗಿದ್ದಾಗ ಹೊಟ್ಟೆಗೆ ಸಾಲದೆ ಸಣ್ಣಗಾದದ್ದು, ಇಲ್ಲವೇ ಬೇರೆ ಜಾತಿಯದ್ದು. ಬಾಳೆಹಣ್ಣಿಗೆ ಮುತ್ತುವ ಚಿಕ್ಕವೂ ಬೇರೆಯೇ ಜಾತಿ.

ಈಗ ನನ್ನ ಲೆಕ್ಕ ಕೇಳಿ. ಒಂದು ಹೆಣ್ಣು ನೊಣ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಜೀವಮಾನದಲ್ಲಿ ಐದಾರು ಸಲ. ಹೆಚ್ಚಿನವಕ್ಕೆ ಗಂಡಿನ ಸಹವಾಸ ಒಮ್ಮೆ ಆದರೆ ಸಾಕು, ವೀರ್ಯವನ್ನು ಒಳಗೇ ಕೂಡಿಟ್ಟುಕೊಂಡು ಉಳಿದ ಮೊಟ್ಟೆಗೂ ಬಳಸುತ್ತದೆ. ನಮ್ಮ ಸೆಕೆಗೆ ಮೊಟ್ಟೆ ಒಂದೇ ದಿನದೊಳಗೆ ಒಡೆಯುತ್ತದೆ. ಬಿಳೀ ಹುಳ ನಾಲ್ಕೈದು ದಿನ ಕಸ ತಿಂದು ಮೂರು ಹಂತದಲ್ಲಿ ದೊಡ್ಡದಾಗುತ್ತದೆ. ಆಮೇಲೆ ನಡೆಯುವುದೇ ಮುಖ್ಯ. ಬೆಳೆದ ಹುಳಕ್ಕೆ ಹಸಿ ಬೇಡ. ಅದು ಡ್ರಮ್ಮಿನಿಂದ ಇಳಿದು ಒಣಗಿದ, ತಂಪಾದ ಜಾಗ ಹುಡುಕಿಕೊಂಡು ಹೋಗಿ ಕೋಶ ಕಟ್ಟುತ್ತದೆ. ನನ್ನ ಗೋಣಿ ಚೀಲದ ಅಡಿಗೆ ಬಂದದ್ದು ಹಾಗೆ. ಮತ್ತೆ ಮೂರು ನಾಲ್ಕು ದಿನಕ್ಕೆ ನೊಣ. ಮೊಟ್ಟೆಯಿಂದ ನೊಣದವರೆಗೆ ಎಲ್ಲ ಸೇರಿ ಏಳರಿಂದ ಹತ್ತು ದಿನ.

ನಮ್ಮಲ್ಲಿ ಹಸಿ ಕಸದ ಗಾಡಿ ವಾರಕ್ಕೊಮ್ಮೆ, ಶನಿವಾರ. ಮೊದಲು ಹಂದಿ ಸಾಕುವವರು ದಿನಾ ಬಂದು ಮುಸುರೆ ಒಯ್ಯುತ್ತಿದ್ದರು, ಈಗ ಅವರಿಲ್ಲ. ಭಾನುವಾರದ ಬಾಳೆಲೆ, ಮೀನಿನ ತಲೆ, ಹಲಸಿನ ಸಿಪ್ಪೆಯ ಮೇಲೆ ಅದೇ ದಿನ ಮೊಟ್ಟೆ ಬೀಳುತ್ತದೆ. ಶುಕ್ರವಾರ ರಾತ್ರಿಯೊಳಗೆ ಆ ಹುಳ ಇಳಿದು ನನ್ನ ಹಿತ್ತಿಲು ಸೇರಿರುತ್ತದೆ. ಶನಿವಾರ ಗಾಡಿ ಓಡಿಸುವ ಅಕ್ಕ ಮೂಗು ಮುಚ್ಚಿಕೊಂಡು ಡ್ರಮ್ ಎತ್ತುತ್ತಾರೆ. ನೊಣ ಆಗುವವು ಇಲ್ಲೇ ಉಳಿಯುತ್ತವೆ, ಅವರು ಒಯ್ಯುವುದು ಅವು ತಿಂದು ಬಿಟ್ಟ ಎಂಜಲು. ಅವರದ್ದೇನೂ ತಪ್ಪಿಲ್ಲ, ಹೇಳಿದ ದಿನಕ್ಕೆ ತಪ್ಪದೆ ಬರುತ್ತಾರೆ. ಆ ದಿನ ಗೊತ್ತು ಮಾಡಿದವರು ನೊಣದ ಕ್ಯಾಲೆಂಡರ್ ನೋಡಿಲ್ಲ, ಅಷ್ಟೇ.

ನನ್ನದೂ ತಪ್ಪಿದೆ. ಡ್ರಮ್ಮಿಗೆ ಮುಚ್ಚಳ ಇತ್ತು, ಆದರೆ ಮುಚ್ಚದೆ ಅದರ ಮೇಲೆ ತೆಂಗಿನಕಾಯಿ ಸುಲಿಯುತ್ತಿದ್ದೆವು. ಹಲಸಿನ ಸಿಪ್ಪೆಯಲ್ಲಿ ಹುಳ ತಾನಾಗಿಯೇ ಹುಟ್ಟುತ್ತದೆ ಎಂದು ನಮ್ಮ ಗಿರಾಕಿಯೊಬ್ಬರು ಈಗಲೂ ಆಣೆ ಹಾಕಿ ಹೇಳುತ್ತಾರೆ. ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ಮಾಂಸದ ಪಾತ್ರೆಗೆ ಬಟ್ಟೆ ಕಟ್ಟಿ ತೋರಿಸಿದ್ದ. ಬಟ್ಟೆ ಕಟ್ಟಿದ ಪಾತ್ರೆಯ ಮಾಂಸದಲ್ಲಿ ಹುಳ ಆಗಲಿಲ್ಲ, ತೆರೆದದ್ದರಲ್ಲಿ ಆಯಿತು. ಮಗಳು ಬಂಗುಡೆಯ ತಲೆ ಇಟ್ಟು ಅದನ್ನೂ ಮಾಡಿ ತೋರಿಸುತ್ತೇನೆ ಅಂದಳು. ವಾಸನೆಗೆ ಹೆದರಿ ಅವಳಮ್ಮ ಬಿಡಲಿಲ್ಲ.

ಇನ್ನು ಕೆಲವರು ಎಲ್ಲದಕ್ಕೂ ಮೀನಿನವರನ್ನು ಬೈಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿದ್ದು ಮಲ್ಪೆ ಬಂದರಿನ ಯಾಂತ್ರಿಕ ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿರುತ್ತವೆ. ನಮ್ಮ ಹೋಟೆಲಿಗೆ ನೊಣ ಜಾಸ್ತಿ ಬರುವುದು ಅದೇ ಜೂನ್‌ನಲ್ಲಿ! ಮೀನಿಗೆ ಮುತ್ತುವ ಹಸಿರು, ನೀಲಿ ಹೊಳೆಯುವ ದಪ್ಪ ನೊಣ ಬೇರೆ. ಅದೂ ಕೊಳಕಿನದ್ದೇ, ಆದರೆ ಮಾವು ಹೂ ಬಿಟ್ಟಾಗ ಹೂವಿಂದ ಹೂವಿಗೆ ಓಡಾಡಿ ಕಾಯಿ ಕಚ್ಚಿಸುವುದರಲ್ಲಿ ಅದಕ್ಕೂ ಪಾಲಿದೆ. ಗೊಬ್ಬರದ ಡಬ್ಬದಲ್ಲಿ ಕಾಣುವ ಚಪ್ಪಟೆ ಬೂದು ಹುಳಕ್ಕೂ ದಯವಿಟ್ಟು ಸೀಮೆಎಣ್ಣೆ ಸುರಿಯಬೇಡಿ. ಅದು ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಹುಳ, ಕಸ ಕರಗಿಸುವ ಕೆಲಸದ್ದು. ದೊಡ್ಡದಾದ ಮೇಲೆ ಅದು ನಮ್ಮ ಊಟಕ್ಕೆ ಬರುವುದಿಲ್ಲ.

ನಮ್ಮ ಊಟಕ್ಕೆ ಬರುವುದು ಮನೆ ನೊಣವೇ. ಒಮ್ಮೆ ಗಲ್ಲಾದ ಮೇಲೆ ಬೆಲ್ಲದ ಚೂರಿಟ್ಟು ಮಗಳ ಭೂತಗನ್ನಡಿ ಹಿಡಿದೆ. ನೊಣಕ್ಕೆ ಹಲ್ಲಿಲ್ಲ. ಸ್ಪಂಜಿನಂಥ ಬಾಯಿ ಇಳಿಸಿ ಮೊದಲು ಬೆಲ್ಲದ ಮೇಲೆ ಎಂಜಲು ಬಿಟ್ಟಿತು. ಬೆಲ್ಲ ಕರಗಿದ ಮೇಲೆ ಹೀರಿತು. ಹೋಗುವಾಗ ಒಂದು ಚುಕ್ಕಿ ಬಿಟ್ಟಿತು, ಅದೇನೆಂದು ಊಟದ ಹೊತ್ತಿಗೆ ಓದುವವರಿಗೆ ಹೇಳುವುದಿಲ್ಲ. ಮುಂಗಾಲು ಉಜ್ಜುತ್ತದಲ್ಲ, ಅದು ಕಾಲು ಚೊಕ್ಕ ಮಾಡುವುದು. ರುಚಿ ನೋಡುವ ಕೂದಲು ಅದರ ಪಾದದಲ್ಲೇ ಇದೆ. ಆ ಪಾದ ಸ್ವಲ್ಪ ಮೊದಲು ಎಲ್ಲಿ ಊರಿತ್ತು ಎಂಬುದರ ಮೇಲೆ ಹೊಟ್ಟೆ ಕೆಡುವುದು, ಭೇದಿ, ಟೈಫಾಯ್ಡ್ ಎಲ್ಲ ನಿಂತಿದೆ. ಬಡಿಯಲು ಹೋದರೆ ಸಿಗುವುದಿಲ್ಲ. ನಮ್ಮ ಕಣ್ಣಿಗಿಂತ ಅದರ ಕಣ್ಣು ಎಷ್ಟೋ ಚುರುಕು, ನಾವು ಬೀಸುವ ಕೈ ಅದಕ್ಕೆ ಸ್ಲೋ ಮೋಷನ್.

ಮದ್ದು ಕೇಳಿದ ಓದುಗರಿಗೆ ಇನ್ನೊಂದು ಮಾತು. ಡಿಡಿಟಿ ಎಂಬ ಕೀಟನಾಶಕ ಬಂದ ಕೆಲವೇ ವರ್ಷಗಳಲ್ಲಿ, 1940ರ ದಶಕ ಮುಗಿಯುವ ಮೊದಲೇ, ಅದಕ್ಕೆ ಜಗ್ಗದ ನೊಣ ಸ್ವೀಡನ್, ಇಟಲಿಯಲ್ಲಿ ಕಂಡಿತ್ತು. ಹಾರುವ ನೊಣ ಸತ್ತರೂ ಗೋಣಿಯ ಅಡಿಯ ಕುಚ್ಚಲಕ್ಕಿಗೆ ಆ ಹೊಗೆ ತಾಗುವುದಿಲ್ಲ.

ಗೋಣಿ ಎತ್ತಿ ಸುಟ್ಟೆ. ಡ್ರಮ್ಮನ್ನು ಸಿಮೆಂಟಿನ ಚಪ್ಪಡಿ ಮೇಲಿಟ್ಟು ಮುಚ್ಚಳ ಬಿಗಿದೆ. ಬುಧವಾರ ನಾನೇ ಗುಂಡಿ ತೋಡಿ ಹಸಿ ಕಸ ಆಳವಾಗಿ ಹುಗಿಯುತ್ತೇನೆ. ಎರಡು ವಾರದಲ್ಲಿ ನೊಣ ಕಮ್ಮಿಯಾಯಿತು, ಹೋಗಲಿಲ್ಲ. ಒಂದೆರಡು ಕಿಲೋಮೀಟರ್ ಹಾರುವುದು ಅದಕ್ಕೆ ಲೆಕ್ಕವೇ ಅಲ್ಲ. ನನ್ನ ಡ್ರಮ್ ಒಂದೇ ಮುಚ್ಚಿದರೆ ಪಕ್ಕದ ಕಲ್ಯಾಣ ಮಂಟಪದ್ದು ಬರುತ್ತದೆ.

ಹಾಗಾಗಿ ನಮ್ಮ ಪಂಚಾಯತಿನವರಲ್ಲಿ ಕೇಳುವುದು ಇಷ್ಟೇ. ಮೇಯಿಂದ ಆಗಸ್ಟ್‌ವರೆಗಾದರೂ ಹಸಿ ಕಸದ ಗಾಡಿ ವಾರಕ್ಕೆ ಎರಡು ಸಲ ಬರಲಿ, ಬುಧವಾರ ಮತ್ತು ಶನಿವಾರ. ಹುಳ ಇಳಿಯುವ ಮೊದಲೇ ಕಸದ ಜೊತೆ ಗಾಡಿ ಹತ್ತಲಿ. ಹೊಗೆಯ ದುಡ್ಡು ಡೀಸೆಲಿಗೆ ಹಾಕಿ. ತಿಂಗಳ ಶುಲ್ಕ ಸ್ವಲ್ಪ ಜಾಸ್ತಿ ಮಾಡಿದರೂ ಕೊಡುತ್ತೇನೆ, ನಮ್ಮ ಸಾಲಿನ ಇನ್ನೂ ಮೂರು ಅಂಗಡಿಯವರು ಕೊಡುತ್ತೇವೆ ಅಂದಿದ್ದಾರೆ. ಈ ಲೆಕ್ಕದಲ್ಲಿ ಯಾರಿಗಾದರೂ ಅನುಮಾನವಿದ್ದರೆ ಹಾರ್ಲಿಕ್ಸ್ ಬಾಟಲಿ ಇನ್ನೂ ಕಿಟಕಿಯಲ್ಲೇ ಇದೆ, ಬಂದು ನೋಡಬಹುದು. ಊಟದ ಹೊತ್ತು ಮಾತ್ರ ಬೇಡ.

ಇತಿ,
ಹೈವೇ ಬದಿಯ ಹೋಟೆಲಿನವ,
ಉಡುಪಿ ತಾಲೂಕು